ಒಂಬತ್ತನೆಯ ಹೆಜ್ಜೆ

ದೋಣಿಯ ಮೂತಿಯಿಂದ ಚುಕ್ಕಾಣಿಯವರೆಗೆ ಎಂಟು ಹೆಜ್ಜೆ.
ಹನ್ನೊಂದು ದಿನ ಅಷ್ಟೇ ನನ್ನ ಪ್ರಪಂಚದ ಉದ್ದ.
ಪಲೆರ್ಮೋದ ಕಲ್ಲುಕಟ್ಟೆಗೆ ಹಗ್ಗ ಬಿಗಿದು ಇಳಿದಾಗ
ಎಂಟರವರೆಗೆ ಸರಿಯಾಗಿಯೇ ನಡೆದೆ,
ಆಮೇಲೆ ಕಾಲು ತಾನೇ ಹಿಂದಕ್ಕೆ ತಿರುಗಿತು.
ಬಲೆ ಹೊಲಿಯುತ್ತ ಕೂತವನೊಬ್ಬ ತಲೆ ಎತ್ತದೆ ನಕ್ಕ.
ಇಂಥವರನ್ನು ಬಹಳ ಕಂಡಿರಬೇಕು.

ಊರು ತೂಗುತ್ತಿತ್ತು.
ಚರ್ಚಿನ ಗೋಪುರ ಎಡಕ್ಕೆ ವಾಲಿ, ಒಂದಿಷ್ಟು ಯೋಚಿಸಿ, ಬಲಕ್ಕೆ ಬಂತು.
ಕಾಫಿ ಅಂಗಡಿಯ ಕಂಬ ಹಿಡಿದು ನಿಂತೆ,
ಬೆಳಗಿನ ಏಳೂವರೆಗೇ ಕುಡಿದವಳ ಹಾಗೆ.

ಬಂದದ್ದು ಊರು ನೋಡಲಿಕ್ಕಲ್ಲ.
ದೋಣಿಯ ತಳದ ನೀರೆತ್ತುವ ಪಂಪಿನೊಳಗೆ
ಅಂಗೈಯಗಲದ ಒಂದು ರಬ್ಬರ್ ಬಿಲ್ಲೆ ಹರಿದಿತ್ತು.
ಅದು ಸಿಗದೆ ಹೊರಡುವ ಹಾಗಿಲ್ಲ, ಅಂದಿದ್ದಳು ಈಲ್ವಾ,
ದೋಣಿ ಅವಳದು, ಮಾತು ಕಡಿಮೆ.
ಹರಿದದ್ದನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟಿದ್ದಳು
ಸತ್ತ ಹಕ್ಕಿಯನ್ನು ಕೊಡುವ ಹಾಗೆ.

ಬಂದರಿನ ಅಂಗಡಿಗೆ ಬೀಗ. ಬಾಗಿಲಲ್ಲಿ ಚೀಟಿ:
ಮಗಳ ಮದುವೆ, ಸೋಮವಾರ ಬನ್ನಿ.
ಅವತ್ತು ಗುರುವಾರ.

ಹಾಗಾಗಿ ನಡೆದೆ.

ಬಲ್ಲಾರೋ ಸಂತೆಯಲ್ಲಿ ಕತ್ತಿಮೀನಿನ ತಲೆ
ಐಸಿನ ಮೇಲೆ ಮೂಗೆತ್ತಿ ನಿಂತು
ಬಂದವರನ್ನೆಲ್ಲ ವಿಚಾರಿಸುತ್ತಿತ್ತು.
ಬದನೆ ಮಾರುವವನ ಕೂಗು ನಿಂಬೆ ಮಾರುವವನ ಕೂಗಿಗೆ ಡಿಕ್ಕಿ ಹೊಡೆದು
ಎರಡೂ ನನ್ನ ಕಿವಿಯಲ್ಲೇ ಬಿದ್ದವು.
ಹನ್ನೊಂದು ದಿನ ನನ್ನ ಮೇಲೆ ಗಾಳಿಯ ಹೊರತು ಯಾರೂ ಕೂಗಿರಲಿಲ್ಲ;
ಕಣ್ಣು ಒದ್ದೆಯಾಯಿತು, ಯಾಕೋ.
ಕಡಲೆಹಿಟ್ಟಿನ ಬಿಲ್ಲೆಗಳನ್ನು ಎಣ್ಣೆಯಿಂದೆತ್ತಿ
ಬನ್ನಿನ ಹೊಟ್ಟೆಗೆ ತುರುಕಿ ಕೊಟ್ಟ ಹುಡುಗ.
ನಿಂತೇ ತಿಂದೆ, ಕಾಲಗಲಿಸಿ,
ಅಲೆ ಬಂದರೂ ಬೀಳದ ಹಾಗೆ.

ಓಣಿಗಳ ಮೇಲೆ ಒಗೆದ ಬಟ್ಟೆ.
ಹಾಯಿಯಂತೆ ಎಂದು ಬರೆಯಬಾರದೆಂದು ಪಣ ತೊಟ್ಟಿದ್ದೇನೆ.
ಹಾಯಿಗೆ ತೋಳಿಲ್ಲ, ಗುಂಡಿ ಕಿತ್ತುಹೋಗುವುದಿಲ್ಲ,
ಸೋಪಿನ ವಾಸನೆಯಂತೂ ಇಲ್ಲವೇ ಇಲ್ಲ.

ಆಗ ನೆತ್ತಿಯ ಮುಂದೆ ಒಂದು ಬುಟ್ಟಿ ಇಳಿಯಿತು.
ನಾಲ್ಕನೆಯ ಮಹಡಿಯಿಂದ, ಹಗ್ಗದಲ್ಲಿ,
ಒಳಗೆ ಎರಡು ನಾಣ್ಯ.
ಮೇಲಿಂದ ಅಜ್ಜಿ ಬೈಯುತ್ತಿದ್ದಳು. ಬೈಗುಳ ನನಗೇ.
ಎದುರಿನ ಅಂಗಡಿಯಿಂದ ರೊಟ್ಟಿ ತಂದಿಟ್ಟೆ;
ಹಗ್ಗದ ಗಂಟು ಸಡಿಲವಿತ್ತು,
ಬಿಚ್ಚಿ ನಮ್ಮ ಗಂಟು ಹಾಕಿದೆ, ಜಗ್ಗಿದಷ್ಟೂ ಬಿಗಿಯುವಂಥದ್ದು.
ಮೇಲೆಳೆದುಕೊಂಡು ಆಕೆ ರೊಟ್ಟಿ ನೋಡಲಿಲ್ಲ,
ಗಂಟನ್ನೇ ತಿರುಗಿಸಿ ತಿರುಗಿಸಿ ನೋಡಿದಳು.
ಬುಟ್ಟಿ ಮತ್ತೆ ಇಳಿಯಿತು. ಖಾಲಿ. ಕಾಯುತ್ತಿತ್ತು.

ಕರವಸ್ತ್ರ ಬಿಚ್ಚಿ ಹರಿದ ಬಿಲ್ಲೆಯನ್ನಿಟ್ಟೆ.

ಅದು ಏರಿತು. ಆಕೆ ಪಕ್ಕದ ಬಾಲ್ಕನಿಗೆ ತೋರಿಸಿ ಕೂಗಿದಳು,
ಅದು ಎದುರಿನದಕ್ಕೆ, ಎದುರಿನದು ಮೂಲೆಯದಕ್ಕೆ,
ಹಲ್ಲುಜ್ಜುತ್ತಿದ್ದವನೊಬ್ಬ ನೊರೆಬಾಯಲ್ಲೇ ಮುಂದಕ್ಕೆ ದಾಟಿಸಿದ.
ನನ್ನ ಪಂಪಿನ ಕಾಯಿಲೆ ಓಣಿಯ ತುದಿಗೆ ಹೋಗಿ
ಹೆಸರಾಗಿ ಮರಳಿ ಬಂತು:
ಗಾಸ್ಪರೆ! ಚರ್ಚಿನ ಹಿಂದೆ! ಗಾಸ್ಪರೆ!
ಅಗ್ರಿಪೀನಾ, ಎಂದು ಅಜ್ಜಿ ಎದೆ ತಟ್ಟಿಕೊಂಡಳು,
ಕಳಿಸಿದ್ದು ಯಾರೆಂದು ಹೇಳಲು.

ಗಾಸ್ಪರೆ ಸ್ಕೂಟರ್ ರಿಪೇರಿಯವನು.
ಹಳೆಯ ಟ್ಯೂಬನ್ನು ನೆಲಕ್ಕೆ ಹರಡಿ, ಸೀಮೆಸುಣ್ಣದಲ್ಲಿ ಗೀರಿ,
ನಾಲಿಗೆ ಕಚ್ಚಿಕೊಂಡು ಕತ್ತರಿಸಿದ.
ಎಲ್ಲಿಂದ? ಕಡಲಿನ ಕಡೆ ಕೈ ತೋರಿದೆ.
ತಾನು ದೋಣಿ ಹತ್ತಿದವನೇ ಅಲ್ಲ, ಅಂದ.
ತಮ್ಮ ಹೋಗುತ್ತಿದ್ದ, ಅಂದ.
ಮತ್ತೆ ಟ್ಯೂಬು ಹರಡಿ
ಕೇಳದೆಯೇ ಇನ್ನೊಂದನ್ನು ಕತ್ತರಿಸಿದ.
ಎರಡಕ್ಕೂ ದುಡ್ಡು ಮುಟ್ಟಲಿಲ್ಲ.

ರಾತ್ರಿಯೇ ಹೊರಟೆವು.
ಪಂಪು ಒತ್ತಿದಾಗೆಲ್ಲ ಸ್ಕೂಟರಿನ ವಾಸನೆ,
ಓಣಿಯೊಂದು ತಳದಲ್ಲಿ ಕೂತು ನೀರು ಕುಡಿದು ಉಗುಳುತ್ತಿತ್ತು.
ಮುಂದಿನ ಹಾಯಿ ಬಿಗಿಸಲು ಮೂತಿಯ ಕಡೆ ನಡೆದೆ.
ಆರು, ಏಳು, ಎಂಟು.

ಕಾಲು ಇನ್ನೊಂದಕ್ಕೆ ಎತ್ತಿಯಾಗಿತ್ತು.
ಕೆಳಗೆ ಕಪ್ಪು ನೀರು.
ತಂತಿ ಹಿಡಿದು ಹಾಗೇ ನಿಂತೆ, ಕೊಕ್ಕರೆಯಂತೆ.

ಏನಾಯ್ತು? ಈಲ್ವಾ ಕತ್ತಲಿಂದ ಕೇಳಿದಳು.
ಏನಿಲ್ಲ, ಲೆಕ್ಕ ತಪ್ಪಿತು, ಅಂದೆ.