ಹೆಬ್ಬೆಟ್ಟು

ಕಾಸರಗೋಡಿನ ತಾಲೂಕು ಕಚೇರಿಯ ಎದುರು
ಇಪ್ಪತ್ತೊಂಬತ್ತು ವರ್ಷ ಬೇರೆಯವರ ಅರ್ಜಿ ಕುಟ್ಟಿದವಳು ನಾನು.
ರೇಶನ್ ಕಾರ್ಡು, ವಿಧವಾ ಪಿಂಚಣಿ, ಬೇಲಿ ಒತ್ತಿದ ತಕರಾರು.
ಕನ್ನಡದಲ್ಲಿ ಹೋದದ್ದಕ್ಕೆ ಮಲಯಾಳದಲ್ಲಿ ಬಂದ ಉತ್ತರವನ್ನು
ಓದಿ ಹೇಳಲಿಕ್ಕೆ ಐದು ರೂಪಾಯಿ ಬೇರೆ.

ಸಹಿ ಬಾರದವರ ಹೆಬ್ಬೆಟ್ಟು ಹಿಡಿದು
ನೇರಳೆ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಹೊರಳಿಸಿ
"ಅಲುಗಾಡಿಸಬೇಡಿ, ಸಾಕು" ಎನ್ನುತ್ತಿದ್ದೆ.
ಎಷ್ಟೊಂದು ಬೆರಳುಗಳ ಬೆವರು ಗೊತ್ತು ನನಗೆ.

ಯಂತ್ರ ಗುಜರಿಗೆ ಹೋಯಿತು, ಕಿಲೋ ಲೆಕ್ಕದಲ್ಲಿ.
ಬೆರಳುಗಳಿಗೆ ಯಾರೂ ತಿಳಿಸಿರಲಿಲ್ಲ.
ಬಸ್ಸಿನ ಕಂಬಿಯ ಮೇಲೆ, ಹಿಟ್ಟಿನ ಡಬ್ಬಿಯ ಮೇಲೆ
ಅವು ತಮ್ಮಷ್ಟಕ್ಕೆ
'ಮಾನ್ಯರೇ' ಎಂದು ಶುರುಮಾಡುತ್ತಿದ್ದವು.

ಚೀಟಿ ಎತ್ತಿದ ದಿನ ತಾಯಲಂಗಡಿಗೆ ಹೋದೆ.
ಅಶ್ಫಾಕನ ಅಂಗಡಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ನಡುವೆ
ಎರಡೇ ಎರಡು ಕೀಬೋರ್ಡು.
"ಯಾರಿಗೆ? ಮಕ್ಕಳಿಗಾ?"
"ನನಗೆ."
ನಗಲಿಲ್ಲ ಹುಡುಗ. ಪ್ಲಗ್ಗು ಚುಚ್ಚಿದ.

ಮೊದಲನೆಯದು ಹೊಸತು, ನಾಲ್ಕು ಸಾವಿರದ ಇನ್ನೂರು.
ಇನ್ನೂರು ಬಗೆಯ ದನಿ, ಮಿಣುಕು ದೀಪ,
ಒಂದು ಗುಂಡಿ ಒತ್ತಿದರೆ ತಾನೇ ಬಾರಿಸಿಕೊಳ್ಳುತ್ತದೆ,
ನಾನು ಬೇಡವೇ ಬೇಡ.
ಮೆಲ್ಲಗೆ ಮುಟ್ಟಿದೆ. ಗುದ್ದಿದೆ. ಒಂದೇ ಸದ್ದು.
ಇದು ನನಗೆ ಗೊತ್ತಿರುವ ಕಚೇರಿಯೇ:
ಅತ್ತರೂ ಅಷ್ಟೇ, ಬೈದರೂ ಅಷ್ಟೇ.

ಎರಡನೆಯದು ಯಾರೋ ಬಿಟ್ಟುಹೋದದ್ದು. ಅರುವತ್ತೊಂದು ಕೀಲಿ,
ಒಂದರ ಮೂಲೆ ಮುಕ್ಕಾಗಿದೆ, ಏಳೂವರೆ ಸಾವಿರ.
ಮೆಲ್ಲಗೆ ಒತ್ತಿದರೆ ಮೆಲ್ಲಗೆ,
ಜೋರಾದರೆ ಜೋರು.
"ಇದಕ್ಕೆ ಕಿವಿ ಉಂಟು" ಎಂದ ಅಶ್ಫಾಕ.
ನನ್ನ ಹಳೆಯ ಯಂತ್ರಕ್ಕೂ ಇತ್ತು ಮಾರಾಯ,
ಸಿಟ್ಟಿನಲ್ಲಿ ಕುಟ್ಟಿದ ದಿನ ಸೊನ್ನೆಗಳೆಲ್ಲ ತೂತು.
ಏಳಕ್ಕೆ ಇಳಿಸಿದೆ. ಸ್ಟ್ಯಾಂಡು ಬೇಡವೆಂದೆ.

ಟೈಪಿನ ಮೇಜೇ ಸಾಕು.
ಹಳೆಯ ನಾಲ್ಕು ಕಾಲಿನ ಗುರುತುಗಳ ಮೇಲೆ ಇದು ಮಲಗಿದೆ,
ಎರಡೂ ಬದಿ ಒಂದೊಂದು ಗೇಣು ಹೊರಗೆ ಚಾಚಿ,
ಚಿಕ್ಕ ಮಂಚದಲ್ಲಿ ಉದ್ದದ ನೆಂಟನ ಹಾಗೆ.

ಬೇಳದ ಇಗರ್ಜಿಯಲ್ಲಿ ಬಾರಿಸುವ ಲವಿಟಾ
ಭಾನುವಾರ ಪೂಜೆ ಮುಗಿಸಿ ಬರುತ್ತಾಳೆ. ಹತ್ತೊಂಬತ್ತು ಅವಳಿಗೆ.
"ಆಂಟಿ, ಹೆಬ್ಬೆಟ್ಟು ಒಂದನೇ ನಂಬ್ರ."
ಎಂತ ಹೇಳುವುದು!
ಎಂಟು ಬೆರಳು ಅಕ್ಷರ ಕುಟ್ಟಿ ಸವೆಯುವಾಗ
ಶಬ್ದ ಮುಗಿದಲ್ಲಿ ಖಾಲಿ ಜಾಗ ಒತ್ತುವುದೊಂದೇ
ಅದರ ನೌಕರಿಯಾಗಿತ್ತು.
ಈಗ ನಡುಬೆರಳಿನ ಅಡಿಯಿಂದ ನುಸುಳಿ
ನಾಲ್ಕನೇ ಸ್ವರಕ್ಕೆ ಮೊದಲು ತಲುಪಬೇಕಂತೆ.
ಗಿಡ್ಡ ಬಾಗಿಲಿಗೆ ಹಣೆ ಬಡಿದುಕೊಂಡವನಂತೆ
ಅಲ್ಲೇ ನಿಲ್ಲುತ್ತದೆ.

"ಇನ್ನು ಮೂರೂ ಒಟ್ಟಿಗೆ" ಎಂದಳು.
ಒಟ್ಟಿಗಾ? ಎರಡು ಕೀಲಿ ಒಟ್ಟಿಗೆ ಬಿದ್ದರೆ
ಕಡ್ಡಿಗೆ ಕಡ್ಡಿ ಸಿಕ್ಕಿಕೊಂಡು
ಮಸಿ ಬೆರಳಲ್ಲೇ ಬಿಡಿಸಬೇಕಿತ್ತು ನಾನು.
ಒತ್ತಿದೆ. ಕೂಡಲೇ ಕೈ ಹಿಂದೆಳೆದೆ.
ಏನೂ ಸಿಕ್ಕಿಕೊಳ್ಳಲಿಲ್ಲ.
ಮತ್ತೆ ಒತ್ತಿದೆ, ಈ ಸಲ ಬಿಡದೆ.
ಮೂರು ಜನ ಒಂದೇ ಕೊಡೆಯಲ್ಲಿ ಹೋದ ಹಾಗೆ
ಆ ಸದ್ದು ಜಗುಲಿ ದಾಟಿತು.

ಎಡಗೈಯನ್ನು ಕೇಳಬೇಡಿ.
ಹಾಳೆಯಲ್ಲಿ ಅದಕ್ಕೆ ಬೇರೆಯೇ ಗೆರೆಗಳು, ಬೇರೆಯೇ ಓದು.
ನಾಲ್ಕು ಭಾಷೆಯ ಊರಿನಲ್ಲಿ ಐವತ್ತಾರು ವರ್ಷ ಕಳೆದವಳು
ಈ ಐದನೆಯದರ ಅ ಆ ಇ ಈಯಲ್ಲಿ
ಪೆನ್ಸಿಲಿನ ತುದಿ ಕಚ್ಚುತ್ತೇನೆ.
ಅರ್ಜಿದಾರರು ನನ್ನೆದುರು ಹೀಗೇ ಕೂರುತ್ತಿದ್ದರು,
ಬೆರಳು ಒರೆಸಿಕೊಳ್ಳಲು ಸೆರಗು ಹುಡುಕುತ್ತ.

ರಾತ್ರಿ ಹೆಡ್‌ಫೋನು ಹಾಕಿ ಕೂರುತ್ತೇನೆ.
ನನ್ನೊಳಗೆ ಸ್ವರ, ಹೊರಗೆ ಬರೀ ಪ್ಲಾಸ್ಟಿಕಿನ ಟಕಟಕ.
ಬೆಳಿಗ್ಗೆ ಪಾಗಾರದ ಆಚೆಯಿಂದ ಬೀಫಾತಿಮ:
"ಪುನಃ ಟೈಪಿಂಗ್ ಶುರುವಾಯಿತಾ?
ಹತ್ತೂವರೆಯ ತನಕ ಯಾರದ್ದು ಅರ್ಜಿ?"

ಯಾರದ್ದೆಂದು ಗೊತ್ತಾಗಲಿಲ್ಲ ಇನ್ನೂ ಎಂದೆ,
ಮೂರನೇ ಸಾಲಿನಲ್ಲೇ ಇದ್ದೇನೆ.