ಬೋಟುಗಳ ಸಂಖ್ಯೆ

ಉತ್ತರದ ಯಾವುದೋ ಕಡಲಿನ ಊರು.
ಹೆಸರಿನಲ್ಲಿ ಸ್ವರಕ್ಕಿಂತ ವ್ಯಂಜನ ಹೆಚ್ಚು,
ಒಂದು ಅಕ್ಷರದ ನೆತ್ತಿಯ ಮೇಲೆ ಸಣ್ಣ ಬಳೆ.
ಕಾರವಾರಕ್ಕೆ ಅದು ಅವಳಿಯಂತೆ.
ನಗರಸಭೆಯಲ್ಲಿ ಠರಾವಾಗಿದೆ, ನಮೂನೆ ಬಂದಿದೆ:
‘ಉಭಯ ಪಟ್ಟಣಗಳ ಸಾಮ್ಯತೆಗಳು’, ಒಂದೂವರೆ ಪುಟ,
ಶುಕ್ರವಾರದೊಳಗೆ.

ಜನಸಂಖ್ಯೆ: ನಮ್ಮ ಎರಡು ವಾರ್ಡಿಗೆ ಅವರ ಇಡೀ ಊರು.
ಮಳೆ: ಅವರು ವರ್ಷವಿಡೀ ಹಂಚಿಕೊಂಡು ಉಣ್ಣುತ್ತಾರೆ,
ನಾವು ಜೂನ್ ಜುಲೈನಲ್ಲೇ ಎಲ್ಲ ಕುಡಿದು ಮುಗಿಸುತ್ತೇವೆ.
ಸೂರ್ಯ: ಅಲ್ಲಿ ಬೇಸಿಗೆಯಲ್ಲಿ ಮುಳುಗುವುದೇ ಇಲ್ಲವಂತೆ.
ಇಲ್ಲಿ ದಿನಾ ಮುಳುಗುತ್ತಾನೆ, ದೇವಗಡದ ದೀಪದ ಆಚೆ;
ಈವರೆಗೆ ಯಾರೂ ದೂರು ಕೊಟ್ಟಿಲ್ಲ.
ಬೋಟುಗಳ ಸಂಖ್ಯೆ:
ಇಲ್ಲಿಗೆ ಬಂದು ಪೆನ್ನು ನಿಂತಿತು.

ಬೈತಕೋಲಕ್ಕೆ ಹೋದೆ. ಆಗಸ್ಟ್ ಮೊದಲ ವಾರದ ಗಡಿಬಿಡಿ,
ಎಣಿಸುವಷ್ಟರಲ್ಲಿ ಮೂರು ಹೊರಟವು,
ಒಂದು ಇಂಜಿನ್ ಕೆಟ್ಟು ಮರಳಿತು.
ಒಣಮೀನಿನ ಬುಟ್ಟಿಯ ಹಿಂದೆ ವಿಠಾಬಾಯಿ ತಾಂಡೇಲ.
ಕೇಳಿದೆ, ಕೊಂಕಣಿಯಲ್ಲೇ: ಬೋಟು ಎಷ್ಟು, ಬಾಯೆ?
ಎರಡೂ ಕೈ ಎತ್ತಿ ನನ್ನ ಮುಖದೆದುರು ಹಿಡಿದಳು:
‘ಒಂಬತ್ತೂವರೆ.’

ಬೆರಳಿಗೂ ಬೋಟು ಎನ್ನುವ ಭಾಷೆಯಲ್ಲಿ ಹುಟ್ಟಿದವನು,
ಕಚೇರಿ ಮರೆಸಿತ್ತು.
ಅರ್ಧ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು:
ಸಾಣಿಕಟ್ಟಾದ ಉಪ್ಪು, ಒಂದು ಗೀರು,
ಕೂಲಿ ತಪ್ಪೀತೆಂದು ಮುಚ್ಚಿಟ್ಟುಕೊಂಡ ಎರಡು ವಾರ.

ಫೈಲಿನಿಂದ ಅವರು ಕಳಿಸಿದ ಫೋಟೋ ತೆಗೆದೆ.
ಕಪ್ಪು ಬಿಳುಪು, ಯಾರ ಅಜ್ಜಿಯ ಕಾಲದ್ದೋ.
ಪೀಪಾಯಿಗಳ ಸಾಲು, ಮೀನು ಸೀಳುವ ಹೆಂಗಸರು,
ತಲೆಗೆ ವಸ್ತ್ರ, ಮೊಣಕಾಲವರೆಗೆ ಬೂಟು,
ಚಳಿಗೆ ಬಿಗಿದ ಬಾಯಿ.
ಸಂಸ್ಕೃತಿ, ವಿನಿಮಯ, ಸೌಹಾರ್ದ ಎಂದೆಲ್ಲ
ಪೌರಾಯುಕ್ತರ ಧಾಟಿಯಲ್ಲಿ ಶುರುಮಾಡಿದೆ.
ಅವಳು ಕೇಳುತ್ತಿರಲಿಲ್ಲ.
ಕೊನೆಯಿಂದ ಎರಡನೆಯವಳ ಬಲಗೈ ಹೆಬ್ಬೆರಳ ಮೇಲೆ
ತನ್ನ ಅರ್ಧವನ್ನು ಇಟ್ಟಳು.
‘ನೋಡು, ಎಲ್ಲರೂ ಬಟ್ಟೆ ಸುತ್ತಿಕೊಂಡಿದ್ದಾರೆ,
ಉಪ್ಪಿಗೆ. ಇವಳದು ಮಾತ್ರ ಸಡಿಲ.
ಒಳಗೆ ಕೀವಾಗಿದೆ.
ಕತ್ತಿ ಎಡಗೈಗೆ ಬಂದಿದೆ, ಎಡಚಿ ಅಲ್ಲ ಇವಳು,
ಹಿಡಿದ ರೀತಿ ನೋಡು.’

ನಮೂನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ.
‘ಇತರೆ’ ಎಂಬಲ್ಲಿ ಬರೆದೆ. ಸಾಹೇಬರು ಕೆಂಪು ಗೀಟು ಎಳೆದು
‘ಎರಡೂ ಊರುಗಳು ರಮಣೀಯ’ ಎಂದು ತಿದ್ದಿದರು.
ಟೈಪಾಯಿತು, ಸೀಲು ಬಿತ್ತು, ಹೋಯಿತು.

ಈಗ ಕೋಡಿಬಾಗದ ತಿರುವಿನಲ್ಲಿ ಒಂದು ಹಸಿರು ಫಲಕ:
ಅವರ ಊರಿನ ಹೆಸರು, ಬಳೆ ಬಿಟ್ಟುಹೋಗಿದೆ;
ಏಳು ಸಾವಿರ ಚಿಲ್ಲರೆ ಕಿಲೋಮೀಟರು; ಬಾಣ.
ಬಾಣ ನೇರ ನೀರಿಗೆ.
ಕಂಬಕ್ಕೆ ಬಲೆಯ ತುದಿ ಕಟ್ಟಿ ಒಬ್ಬ ಹೊಲಿಯುತ್ತಿರುತ್ತಾನೆ.

ಫೋಟೋ ನನಗೆ ವಾಪಸು ಬಂದಿಲ್ಲ.
ರಿಜಿಸ್ಟರಿನಲ್ಲಿ ‘ಕಳೆದಿದೆ’ ಎಂದು ಬರೆದಿದ್ದೇನೆ.
ಮೊನ್ನೆ ಬಾಂಗಡೆ ಕಟ್ಟಿಕೊಡುತ್ತ ವಿಠಾಬಾಯಿ,
ಚಿಲ್ಲರೆಯಿಂದ ಕಣ್ಣೆತ್ತದೆ,
‘ಉತ್ತರ ಬಂತಾ? ಅವಳ ಬೋಟು ಹೇಗಿದೆಯಂತೆ?’

ಬಂತು ಅಂದೆ.
ಕಟ್ಟು ಬಿಚ್ಚಿದ್ದಾರೆ ಅಂದೆ.