ಹದಿನಾಲ್ಕನೇ ಕಾಲಂ

ಮಿನೆಸೋಟದ ತುತ್ತತುದಿ. ನಮ್ಮ ಕೌಂಟಿ ಮುಗಿದಲ್ಲಿ
ಕೆನಡಾ ಶುರು. ನಡುವೆ ಗೋಡೆಯಿಲ್ಲ, ನದಿಯಿಲ್ಲ,
ಮೊಣಕಾಲುದ್ದದ ಒಂದು ಚರಂಡಿ;
ಚಳಿಗಾಲ ಅದನ್ನೂ ತುಂಬಿ ಮಟ್ಟಸ ಮಾಡಿಬಿಡುತ್ತದೆ.

ಈ ಚರಂಡಿ ಕಾಯಲು ಸರ್ಕಾರ ಅನುದಾನ ಕೊಡುತ್ತದೆ.
ಅರ್ಜಿ ಬರೆಯುವವಳು ನಾನು,
ಖಜಾನೆ ಗುಮಾಸ್ತೆ, ನೆಲಮಾಳಿಗೆಯಲ್ಲಿ
ಬಾಯ್ಲರಿನ ಪಕ್ಕದ ಮೇಜು.
"ಅಪಾಯದ ಸ್ವರೂಪ ವಿವರಿಸಿ" ಅನ್ನುತ್ತದೆ ನಮೂನೆ,
"ಇನ್ನೂರೈವತ್ತು ಪದ ಮೀರದಂತೆ."
ಮೊದಲ ವರ್ಷ ಪೆನ್ನು ಕಚ್ಚಿಕೊಂಡು ಕೂತೆ.
ಈಗ ಕೈ ಪಳಗಿದೆ:
ಕತ್ತಲು, ಕಾಡು, ಸಿಗ್ನಲ್ ಸಿಗದ ಹದಿನೇಳು ಮೈಲಿ.
ಸುಳ್ಳು ಒಂದೂ ಇಲ್ಲ,
ಓದಿದವರಿಗೆ ಮಾತ್ರ ಮೈ ಜುಮ್ಮೆನ್ನಬೇಕು.

ಹಣ ಬಂತು. ಬಂದದ್ದರಲ್ಲಿ
ಕತ್ತಲಲ್ಲಿ ಕಾಣುವ ಎರಡು ಕನ್ನಡಕ, ಒಂದು ಸ್ನೋಮೊಬೈಲ್,
ಮತ್ತೆ ಡೆಪ್ಯುಟಿ ಹಾಲ್ವರ್ ಬ್ರೆಕ್ಕೆಗೆ
ವಾರಕ್ಕೆ ಹದಿನಾರು ಗಂಟೆ ಓವರ್‌ಟೈಮ್.
ಆಂಬುಲೆನ್ಸಿನ ಗೇರ್‌ಬಾಕ್ಸ್ ಹೋಗಿ ಎರಡು ವರ್ಷ;
ಅದು "ಅನುಮತಿಸಿದ ವೆಚ್ಚ"ದಲ್ಲಿ ಬರುವುದಿಲ್ಲ.

ಹಾಲ್ವರ್ ರಾತ್ರಿ ಹತ್ತಕ್ಕೆ ಹೋಗಿ
ರಸ್ತೆ ಸಾಯುವ ಕಡೆ ಜೀಪು ನಿಲ್ಲಿಸುತ್ತಾನೆ.
ಆಚೆ ಒಂದೇ ಒಂದು ದೀಪ. ಅದರ ಯಜಮಾನನ ಹೆಸರು,
ನಾಯಿಯ ಹೆಸರು, ಯಾವ ಮಂಡಿ ನೋಯುತ್ತದೆ, ಎಲ್ಲ ಗೊತ್ತು.
ಕನ್ನಡಕದಲ್ಲಿ ಕಂಡದ್ದು: ಮೂಸ್, ಮೊಲ, ಒಮ್ಮೆ ತನ್ನದೇ ಉಸಿರು.
ಆ ಓವರ್‌ಟೈಮಿನಲ್ಲಿ ಮಗಳ ಹಲ್ಲಿಗೆ ತಂತಿ ಕಟ್ಟಿಸಿದ.
ಅವಳು ನಕ್ಕರೆ ಗಡಿ ಭದ್ರತೆ
ಥಳಥಳ ಹೊಳೆಯುತ್ತದೆ ಅಂತ ಅವನೇ ತಮಾಷೆ ಮಾಡುತ್ತಾನೆ.

ಮೂರು ತಿಂಗಳಿಗೊಮ್ಮೆ ವರದಿ.
ಹದಿನಾಲ್ಕನೇ ಕಾಲಂ: ಹಿಡಿದವರ ಸಂಖ್ಯೆ.
ಸೊನ್ನೆ.
ಸೊನ್ನೆ.
ಸೊನ್ನೆ.
ಮೇಲಿನಿಂದ ಫೋನು: "ಫಲಿತಾಂಶ ಕಾಣಿಸದಿದ್ದರೆ
ಮುಂದಿನ ವರ್ಷ ಕಷ್ಟ, ಮೇಡಂ."
ಕಳ್ಳ ಬರಲಿಲ್ಲ ಅಂದರೆ ಕಾವಲು ಚೆನ್ನಾಗಿದೆ ಅಂತಲ್ಲವೇ, ಅಂದೆ.
ಆ ಕಡೆ ಕೀಲಿಮಣೆಯ ಸದ್ದು.
"ಅದಕ್ಕೆ ಕಾಲಂ ಇಲ್ಲ."

ನಿಜ ಹೇಳುತ್ತೇನೆ, ಆ ಚಳಿಗಾಲ
ನಾವೆಲ್ಲ ಒಳಗೊಳಗೇ ಬೇಡಿಕೊಂಡೆವು:
ಶೆರಿಫ್ ಸ್ಕೂಗ್, ನಾನು,
ಲೂಥರನ್ ಚರ್ಚಿನ ಮೊದಲ ಸಾಲಿನ ಹಾಲ್ವರನ ಹೆಂಡತಿ.
ಯಾರಾದರೂ ಬರಲಿ.
ತುಂಬ ಕೆಟ್ಟವರೇನೂ ಬೇಡ.
ಒಬ್ಬರು ಸಾಕು.

ಬಂದರು.

ಫೆಬ್ರವರಿ, ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಚರಂಡಿ ದಾಟಿದ ಹೆಜ್ಜೆಗಳು, ಚಿಕ್ಕವು, ಒಂದು ಕಾಲೆಳೆದ ಗೀರು.
ಹಾಲ್ವರ್ ರೇಡಿಯೋದಲ್ಲಿ ಕೂಗಿದಾಗ
ದನಿಯಲ್ಲಿದ್ದದ್ದು ಭಯವೋ ಖುಷಿಯೋ
ಶೆರಿಫನಿಗೂ ಗೊತ್ತಾಗಲಿಲ್ಲವಂತೆ.

ಕುಸಿದ ಮನೆಯೊಂದರ ಹೊಸ್ತಿಲಲ್ಲಿ ಸಿಕ್ಕಳು
ಪರಸ್ಕಾ ಹ್ನಾಟಿಯುಕ್, ಎಂಬತ್ತಾರು, ಆಚೆಯವಳು.
ರಾತ್ರಿಯಂಗಿ, ಮೇಲೆ ಗಂಡನ ಕೋಟು, ಕಾಲಿಗೆ ಬಟ್ಟೆಯ ಚಪ್ಪಲಿ.
ಬಾಗಿಲು ಎಂದೋ ಹೋಗಿತ್ತು; ಚೌಕಟ್ಟನ್ನೇ ತಟ್ಟುತ್ತಿದ್ದಳು.
ಈಚೆಗೆ ಮದುವೆಯಾಗಿ ಬಂದಿದ್ದ ತಂಗಿ ಯೆವ್ದೋಖಾ
ತೀರಿಕೊಂಡು ಹನ್ನೊಂದು ವರ್ಷ.
ಅದೊಂದನ್ನು ಮುದುಕಿ
ಚರಂಡಿಯಾಚೆಯೇ ಮರೆತು ಬಂದಿದ್ದಳು.
ಕೋಟಿನ ಜೇಬಲ್ಲಿ ಗಸಗಸೆ ರೊಟ್ಟಿಯ ತುಂಡು,
ಕರವಸ್ತ್ರದಲ್ಲಿ ಕಟ್ಟಿದ್ದು, ಕಲ್ಲಾಗಿತ್ತು.

ತನ್ನ ಜಾಕೆಟ್ ಸುತ್ತಿ, ಮಗುವಿನಂತೆ ಮುಂದೆ ಕೂರಿಸಿಕೊಂಡು
ಹಾಲ್ವರ್ ಸ್ನೋಮೊಬೈಲ್ ಓಡಿಸಿದ.
ಎರಡು ಕಾಲ್ಬೆರಳು ಉಳಿಯಲಿಲ್ಲ.
ಆಂಬುಲೆನ್ಸ್ ಇದ್ದಿದ್ದರೆ, ಅಂದಳು ನರ್ಸ್,
ವಾಕ್ಯ ಮುಗಿಸಲಿಲ್ಲ.

ಬೆಳಿಗ್ಗೆ ಅವನು ನನ್ನ ಮೇಜಿನ ಮುಂದೆ, ಟೋಪಿ ಕೈಯಲ್ಲಿ.
"ಏನಂತ ಬರೀತೀಯ?"
ಕಾಯಿದೆಯ ಪ್ರಕಾರ ದಾಟಿದ್ದಾಳೆ, ಅಂದೆ.
ಅವನು ಹೌದೂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ,
ಬಾಯ್ಲರ್ ನೋಡುತ್ತ ನಿಂತ.
ನಾನು ಒಂದು ಒತ್ತಿದೆ.
ಪರದೆಯ ಮೇಲೆ ನಿಂತುಕೊಂಡಿತು
ಬಿದ್ದ ಮನೆಯ ಉಳಿದ ಕಂಬದ ಹಾಗೆ.

ಈ ವರ್ಷ ಅನುದಾನ ಹೆಚ್ಚಾಗಿದೆ.
ಇನ್ನೊಂದು ಸ್ನೋಮೊಬೈಲ್. ಮಗಳ ಕೆಳಸಾಲಿನ ಹಲ್ಲಿಗೂ ತಂತಿ.
ಹಾಲ್ವರ್ ಈಗ ಜೀಪು ನಿಲ್ಲಿಸುವುದು ಆ ಮುರುಕು ಮನೆಯ ಮುಂದೆ,
ಹೆಡ್‌ಲೈಟ್ ಆರಿಸದೆ, ಎಂಜಿನ್ ಆರಿಸದೆ, ಬೆಳಗಿನ ತನಕ.
ಪೆಟ್ರೋಲ್ ಎರಡರಷ್ಟಾಗಿದೆ; ಕಾರಣ ಕೇಳಿ ಪತ್ರ ಬಂದಿದೆ.
ಶುಕ್ರವಾರದೊಳಗೆ ಉತ್ತರಿಸಬೇಕು.
ಇವತ್ತು ಗುರುವಾರ.